ಗುರುವಾರದ ಮತದಾನಕ್ಕೆ ಮುಂಚೆ

ಅಮೆರಿಕದ ಬ್ಯಾಲಂಟೈನ್‌ನ ಕಂಪನಿಯೊಂದರಲ್ಲಿ ಯಾಮಿನಿ ಇಂಜಿನಿಯರ್. ಶಾಲೆ, ಆಸ್ಪತ್ರೆಗಳ ಇಂಟರ್ನೆಟ್‌ನಲ್ಲಿ ಬೇಡದ ಸೈಟುಗಳನ್ನು ತಡೆಯುವ ಸಾಫ್ಟ್‌ವೇರ್ ಬರೆಯುವುದು ಅವಳ ಕೆಲಸ. ಅದನ್ನು ಆಫ್ರಿಕಾದ ಒಂದು ಸರ್ಕಾರವೂ ಕೊಂಡಿದೆಯೆಂದು ಅವಳಿಗೆ ಗೊತ್ತಿತ್ತು. ಯಾಕೆ ಕೊಂಡಿದೆಯೆಂಬುದು ಮಾತ್ರ ಆ ಸೋಮವಾರ ಬೆಳಿಗ್ಗೆ ತಿಳಿಯಿತು.

ಆ ಸರ್ಕಾರದಿಂದ ಬಂದಿದ್ದ ದೂರು ಚುಟುಕಾಗಿತ್ತು. ಫೇಸ್‌ಬುಕ್, ವಾಟ್ಸಾಪ್ ಎಲ್ಲವನ್ನೂ ಬಂದ್ ಮಾಡಿದ್ದೇವೆ, ಆದರೂ ಜನ ವಿಪಿಎನ್ ಬಳಸಿ ನುಸುಳುತ್ತಿದ್ದಾರೆ, ಗುರುವಾರದ ಮತದಾನಕ್ಕೆ ಮುಂಚೆ ಆ ದಾರಿಯನ್ನೂ ಮುಚ್ಚಿಕೊಡಿ. ಹಾಗೆ ನುಸುಳಿ ಬಂದ ಒಂದು ವಿಡಿಯೊವನ್ನೂ ಲಗತ್ತಿಸಿದ್ದರು. ವಿರೋಧ ಪಕ್ಷದ ಭಿತ್ತಿಪತ್ರ ಅಂಟಿಸಿದ್ದ ಅಂಗಡಿಯಿಂದ ಪೊಲೀಸರು ಒಬ್ಬ ಹೆಂಗಸನ್ನು ದರದರನೆ ಎಳೆದೊಯ್ಯುತ್ತಿದ್ದರು. ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಒಬ್ಬ ಲಾಠಿಯಿಂದ ಬೆರಳುಗಳ ಮೇಲೆ ಹೊಡೆದ.

ಯಾಮಿನಿ ನೇರವಾಗಿ ಡೈರೆಕ್ಟರ್ ಕೃಷ್ಣಸ್ವಾಮಿಯವರ ಕೋಣೆಗೆ ಹೋದಳು. ಅವರೂ ಅವಳ ಹಾಗೆ ಮೈಸೂರಿನವರೇ. ಅವಳನ್ನು ಬೆಂಗಳೂರಿನ ಶಾಖೆಯಿಂದ ಇಲ್ಲಿಗೆ ಕರೆಸಿಕೊಂಡವರೂ ಅವರೇ.

"ಇದನ್ನ ನಾನು ಮಾಡಲ್ಲ ಅಂಕಲ್."

"ಆಫೀಸಲ್ಲಿ ಅಂಕಲ್ ಗಿಂಕಲ್ ಬೇಡ. ಕಸ್ಟಮರ್ ಕೇಳಿದ್ದನ್ನ ಡೆಲಿವರ್ ಮಾಡೋದಷ್ಟೇ ನಿನ್ನ ಕೆಲಸ. ಅವರ ದೇಶ, ಅವರ ಎಲೆಕ್ಷನ್."

"ವಿಡಿಯೊ ನೋಡಿದ್ರಾ?"

"ನೋಡಿಲ್ಲ. ನೋಡೋದೂ ಇಲ್ಲ." ಅವರು ಲ್ಯಾಪ್‌ಟಾಪಿನಿಂದ ಕಣ್ಣೆತ್ತಿದರು. "ನಿನ್ನ ಗ್ರೀನ್ ಕಾರ್ಡ್ ಅರ್ಜಿಗೆ ಸೈನ್ ಹಾಕೋನು ನಾನು. ಅದು ತಲೇಲಿರಲಿ."

ಆದರೂ ಯಾಮಿನಿಯ ಬಾಯಿಂದ ಬಂದದ್ದು, "ಬೇರೆಯವರಿಗೆ ಹೇಳಿ."

ಬೇರೆಯವನು ಸಿಗುವುದು ಕಷ್ಟವಾಗಲಿಲ್ಲ. ಪಕ್ಕದ ಕುರ್ಚಿಯ ಆಶಿಷ್ ಅವಳ ಮುಖ ನೋಡದೆ, ಅವಳೇ ಬರೆದ ಕೋಡನ್ನು ತೆರೆದುಕೊಂಡು ಕೂತ. "ನಂದೂ ವೀಸಾನೇ ಕಣೇ," ಎಂದು ಗೊಣಗಿದ. ಮಧ್ಯಾಹ್ನದ ಊಟದ ಹೊತ್ತಿಗೆ ಆ ದೇಶದ ವಿಪಿಎನ್‌ಗಳೆಲ್ಲ ಸತ್ತಿದ್ದವು. ಯಾಮಿನಿ ಹಟ ಹಿಡಿದರೂ ಅಲ್ಲಿ ಒಂದು ಫೋನಿನಲ್ಲೂ ವಾಟ್ಸಾಪ್ ಉಳಿಯಲಿಲ್ಲ. ಅವಳನ್ನು ಹೆಚ್ಚು ಕುಟುಕಿದ್ದು ಅದೇ.

ಶನಿವಾರ ಕೃಷ್ಣಸ್ವಾಮಿಯವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅವರ ಹೆಂಡತಿ ಚಿತ್ರಾ ತಿಂಗಳ ಹಿಂದೆಯೇ ಕರೆದಿದ್ದರು. ಹೋಗದಿದ್ದರೆ ತಾನೇ ತಪ್ಪು ಮಾಡಿದಂತೆ ಎಂದುಕೊಂಡು ಯಾಮಿನಿ ಹೋದಳು. ಮಂಗಳಾರತಿಯಾಗಿ ಎಲ್ಲರೂ ಪ್ರಸಾದದ ದೊನ್ನೆ ಹಿಡಿದು ನಿಂತಿದ್ದಾಗ, ಕೃಷ್ಣಸ್ವಾಮಿ ಯಾರಿಗೋ ಹೇಳುತ್ತಿದ್ದರು. "ನಮ್ಮ ಆಫ್ರಿಕಾ ಕಸ್ಟಮರ್ ತುಂಬಾ ಖುಷಿಯಾಗಿದಾರೆ. ಅಲ್ಲಿ ಎಲೆಕ್ಷನ್ ಶಾಂತಿಯಿಂದ ಮುಗೀತು."

"ಎಲ್ಲರ ಬಾಯಿ ಮುಚ್ಚಿಸಿದ್ಮೇಲೆ ಶಾಂತಿ ಇರದೆ ಇನ್ನೇನಿರತ್ತೆ ಅಂಕಲ್?" ಯಾಮಿನಿ ಗಟ್ಟಿಯಾಗಿಯೇ ಕೇಳಿದಳು.

ಏನು ವಿಷಯ ಎಂದು ಚಿತ್ರಾ ಕೇಳಿದರು. ಯಾಮಿನಿ ಹೇಳಿದಳು: ಬಂದ ದೂರು, ಆ ಹೆಂಗಸಿನ ಬೆರಳು, ಕಂಪನಿ ಮಾಡಿಕೊಟ್ಟ ಕೆಲಸ, ಎಲ್ಲವನ್ನೂ.

"ಹೌದೇನ್ರೀ?" ಚಿತ್ರಾ ಗಂಡನತ್ತ ತಿರುಗಿದರು.

"ಪೂಜೆ ಮನೇಲಿ ಗಲೀಜು ಮಾತು!" ಕೃಷ್ಣಸ್ವಾಮಿ ಗದರಿದರು. "ನಾನು ಕರ್ಕೊಂಡ್ ಬರದಿದ್ರೆ ಇವಳು ಎಲ್ಲಿರ್ತಿದ್ಲು ಕೇಳಿ. ಏಯ್, ಹೊರಡು. ಇನ್ನೊಂದ್ಸಲ ಈ ಬಾಗಿಲು ತುಳೀಬೇಡ."

ಯಾರೂ ಅವಳ ಪರ ಮಾತಾಡಲಿಲ್ಲ. ಒಬ್ಬ ಆಂಟಿಯಂತೂ, "ತಿಂದ ಮನೆಗೇ ಎರಡು ಬಗೀತಾಳಲ್ಲ," ಎಂದರು. ಯಾಮಿನಿ ದೊನ್ನೆಯನ್ನು ಮೇಜಿನ ಮೇಲಿಟ್ಟು, ಬಾಗಿಲ ಬಳಿಯ ರಾಶಿಯಲ್ಲಿ ತನ್ನ ಚಪ್ಪಲಿ ಹುಡುಕಿಕೊಂಡು ಹೊರಬಿದ್ದಳು. ಕಾರಿನಲ್ಲಿ ಕೂತ ಮೇಲೆ ಅಳು ಬಂತು.

ಸೋಮವಾರ ಅವಳ ಬ್ಯಾಡ್ಜಿಗೆ ಆಫೀಸಿನ ಬಾಗಿಲು ತೆರೆಯಲಿಲ್ಲ. ಕೆಲಸವಿಲ್ಲದೆ ವೀಸಾ ಮುಗಿಯುವ ಭಯದಲ್ಲಿ ಸಿಕ್ಕಸಿಕ್ಕಲ್ಲಿ ಅರ್ಜಿ ಹಾಕಿದಳು. ಕೊನೆಗೆ ಡರ್ಹಮ್‌ನ ಒಂದು ಆಸ್ಪತ್ರೆಯಲ್ಲಿ, ಮೊದಲಿಗಿಂತ ಚಿಕ್ಕ ಕೆಲಸ ಸಿಕ್ಕಿತು. ಗ್ರೀನ್ ಕಾರ್ಡ್ ಮತ್ತೆ ಮೊದಲಿನಿಂದ. ಆ ದೇಶದಲ್ಲಿ ಹಳೆಯ ಅಧ್ಯಕ್ಷನೇ ಗೆದ್ದ. ಗೆದ್ದ ಮೇಲೆ ವಾಟ್ಸಾಪ್ ಮತ್ತೆ ತೆರೆದರು.

ಬೇಸಿಗೆಯಲ್ಲಿ ಆಶಿಷ್ ಫೋನ್ ಮಾಡಿದ. ಈಗ ಅವಳ ಜಾಗದಲ್ಲಿ ಅವನಿದ್ದ.

"ಯಾಮಿನಿ, ಇನ್ನೊಂದು ದೇಶದವರು ನಮ್ಮ ಸಾಫ್ಟ್‌ವೇರ್ ತಗೊಂಡಿದಾರೆ. ನೀನು ಬರೆದ ಪಾರ್ಟ್ ಪದೇ ಪದೇ ಕ್ರ್ಯಾಶ್ ಆಗ್ತಿದೆ. ಎಲ್ಲಿ ಸರಿಮಾಡ್ಬೇಕು ಅಂತ ಸ್ವಲ್ಪ ಹೇಳ್ತೀಯಾ?"

"ಅಲ್ಲೂ ಎಲೆಕ್ಷನ್ನಾ?"

"ಮುಂದಿನ ತಿಂಗಳು," ಎಂದ ಅವನು.

"ಹೇಳಲ್ಲ," ಎಂದು ಯಾಮಿನಿ ಫೋನಿಟ್ಟಳು.