ತೋಳಿಗೆ ಸುತ್ತಿದ ನಲ್ಲಿ ಟೇಪು

ನಲ್ಲಿ ರಿಪೇರಿಯವನಿಗೆ ಸುಮ್ಮನೆ ಕೂರುವುದೊಂದು ಗೊತ್ತಿಲ್ಲ. ಹೆಂಡತಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಂತೂ ಒಂದು ಕಡೆ ನಿಂತವನೇ ಅಲ್ಲ. ಅವಳ ತೋಳಿನಲ್ಲಿ ಸಣ್ಣದೊಂದು ನಳಿಕೆ. ಅದರ ಒಳತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿದೆ. ತಿಂಗಳುಗಟ್ಟಲೆ ಔಷಧ ಅದರಲ್ಲೇ ಹೋಗಬೇಕು. ಮನೆಯಲ್ಲಿ ಅದನ್ನು ಜೋಡಿಸುವುದನ್ನು ಆಸ್ಪತ್ರೆಯವರು ಅವಳಿಗೇ ಕಲಿಸಿದ್ದರು. ಅದನ್ನು ನೋಡಿದಾಗಲೆಲ್ಲ ಅವನ ಕೈ ಚಡಪಡಿಸುತ್ತಿತ್ತು.

ಅವಳು ಟೈಲರ್. "ಮಷಿನ್ ಮುಂದೆ ಕೂತ್ಕೊಳ್ತೀನಿ" ಅಂದರೆ "ಬೇಡ" ಅನ್ನುತ್ತಿದ್ದ. ನೀರು ತಗೊಳ್ಳಲು ಎದ್ದರೂ "ಬೇಡ, ನಾನು ತರ್ತೀನಿ!" ಉಸ್ತುವಾರಿಗೆ ಅವನ ಅಕ್ಕ ಬೇರೆ ಬಂದಿದ್ದಳು. ಇವರಿಬ್ಬರ ಸಹಾಯದಲ್ಲಿ ಆಕೆಗೆ ಉಸಿರಾಡಲೂ ಪುರಸೊತ್ತಿಲ್ಲ.

ಒಂದು ಬೆಳಿಗ್ಗೆ ನಳಿಕೆಯ ಮೇಲೆ ಅಂಟಿಸಿದ್ದ ಪಟ್ಟಿಯ ಅಂಚು ಬಿಟ್ಟುಕೊಂಡಿತು.

"ರೀ, ಪಟ್ಟಿ ಎದ್ದಿದೆ. ನರ್ಸ್‌ಗೆ ಫೋನ್ ಮಾಡಿ. ಅವರೇ ಬದಲಾಯಿಸ್ಬೇಕು."

"ಇಷ್ಟಕ್ಕೆಲ್ಲ ನರ್ಸ್ ಯಾಕೆ? ನಾನಿಲ್ವಾ?" ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕೆಲಸದ ಚೀಲದಿಂದ ನಲ್ಲಿಗೆ ಸುತ್ತುವ ಬಿಳಿ ಟೇಪು ತೆಗೆದ. "ನಾನು ಸುತ್ತಿದ ಮೇಲೆ ಒಂದು ಹನಿ ಸೋರಿದ್ದುಂಟಾ?"

"ಸೋರೋದಲ್ಲ ಭಯ. ಹೊರಗಿನ ಕೊಳೆ ಒಳಗೆ ಹೋಗೋದು ಭಯ."

"ಅವನ ಕೈಕೆಲಸ ಗಟ್ಟಿ ಕಣೇ, ಸುಮ್ನಿರು," ಎಂದಳು ಅಕ್ಕ.

ನಿದ್ದೆಗೆಟ್ಟ ಗಂಡನ ಮುಖ ನೋಡಿ, ಪಾಪ, ಅವಳು ತೋಳು ಚಾಚಿದಳು. ಅವನು ಟೇಪು ಬಿಗಿಯಾಗಿ ಸುತ್ತಿದ. ಅಲ್ಲೇ ಎಡವಟ್ಟಾಯಿತು.

ಎರಡು ದಿನದ ಮೇಲೆ, ಔಷಧ ಹೋಗುತ್ತಿದ್ದ ಹಾಗೇ ಅವಳಿಗೆ ಗಡಗಡ ನಡುಕ. ಅಕ್ಕ ಫ್ಯಾನ್ ಆರಿಸಿದಳು. ಅವನು ಕಂಬಳಿಯ ಮೇಲೆ ಕಂಬಳಿ ಹೊದಿಸಿದ, ಬಾಗಿಲಿಗೆ ಹೋದ, ಬಂದ, ಮತ್ತೆ ಹೋದ.

"ಕಂಬಳಿ ಬೇಡ. ಆಸ್ಪತ್ರೆಗೆ ಫೋನ್ ಮಾಡಿ. ನಡುಕ ಬಂದ್ರೆ ಕಾಯ್ಬೇಡಿ ಅಂದಿದ್ರು."

"ಸ್ವಲ್ಪ ಹೊತ್ತು ನೋಡೋಣ. ಸುಮ್‌ಸುಮ್ನೆ ಹೋದ್ರೆ ನಗ್ತಾರೆ."

"ನಗ್ಲಿ! ನಾನು ಸತ್ತ ಮೇಲೆ ನೀವು ಅಳೋದಕ್ಕಿಂತ ಈಗ ಅವರು ನಗ್ಲಿ!"

ಅವನು ಕಂಬಳಿ ಬಿಟ್ಟು ಫೋನ್ ಎತ್ತಿಕೊಂಡ. ಫೋನಿನಲ್ಲಿ ನರ್ಸ್ ನಗಲಿಲ್ಲ. "ಔಷಧ ನಿಲ್ಸಿ, ಈಗ್ಲೇ ಕರ್ಕೊಂಡು ಬನ್ನಿ. ರಕ್ತಕ್ಕೆ ಸೋಂಕು ತಗುಲಿರ್ಬಹುದು."

ಅವಳು ಉಳಿದಳು. ಹಳೆಯ ನಳಿಕೆ ತೆಗೆದು, ಸೋಂಕು ಇಳಿದ ಮೇಲೆ ಇನ್ನೊಂದು ತೋಳಿಗೆ ಹೊಸದು ಹಾಕಿದರು. ವಾರ್ಡಿನ ಹೊರಗೆ ಅವನು ಬಿಕ್ಕಿ ಬಿಕ್ಕಿ ಅತ್ತ.

"ನಿಮ್ಮ ಹೆಂಡ್ತಿ ಎಲ್ಲಾ ಸರಿಯಾಗೇ ಹೇಳಿದ್ರು," ಎಂದಳು ನರ್ಸ್. "ನೀವು ಕಿವಿಗೆ ಹಾಕ್ಕೊಳ್ಲಿಲ್ಲ."

ಮನೆಗೆ ಬಂದ ಮೇಲೆ ಪಟ್ಟಿ ಮತ್ತೊಮ್ಮೆ ಎದ್ದಿತು. ಅಭ್ಯಾಸಬಲ ನೋಡಿ, ಅವನ ಕೈ ಚೀಲದತ್ತಲೇ ಹೋಯಿತು. ಅರ್ಧದಲ್ಲಿ ತಡೆದುಕೊಂಡ. ನರ್ಸ್‌ಗೆ ಫೋನ್ ಮಾಡಿ ಅವಳ ಕೈಗೇ ಕೊಟ್ಟ.

"ಬರ್ತಾರಂತೆ," ಎಂದಳು.

"ಅಲ್ಲೀವರ್ಗೆ ನಾನೇನ್ ಮಾಡ್ಲಿ?"

"ಮಷಿನ್ನು ಕಿಟಕಿ ಹತ್ರ ಎಳ್ದು ಕೊಡಿ. ಭಾರ ಎತ್ತಬಾರ್ದು ಅಂದಿದಾರೆ, ಹೊಲೀಬಾರ್ದು ಅಂದಿಲ್ಲ."

ಅಕ್ಕ ಬಾಯಿ ತೆರೆದಳು. ಅವನು ದುರುಗುಟ್ಟಿ ನೋಡಿದ. ಅಕ್ಕ ಬಾಯಿ ಮುಚ್ಚಿಕೊಂಡು ಮಷಿನ್ನಿನ ಇನ್ನೊಂದು ತುದಿ ಹಿಡಿದಳು.

ನಿಮ್ಮ ಮನೆಯಲ್ಲೂ ಇಂಥ ನಳಿಕೆಯೊಂದಿಗೆ ಬದುಕುತ್ತಿರುವವರು ಇದ್ದಾರೆಯೇ? ಪಟ್ಟಿ ಎದ್ದರೆ, ಒದ್ದೆಯಾದರೆ ನರ್ಸ್‌ಗೆ ಹೇಳಿ. ನಿಮ್ಮ ರಿಪೇರಿ ಬೇಡ. ಜ್ವರ, ನಡುಕ ಬಂದರೆ, ನಳಿಕೆಯ ಸುತ್ತ ಕೆಂಪಗಾದರೆ, ಊದಿದರೆ, ಕೀವು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಫೋನ್ ಮಾಡಿ. ನಳಿಕೆ ಇರುವವರ ಕೆಲಸವನ್ನು ಅವರಿಂದ ಕಿತ್ತುಕೊಳ್ಳಬೇಡಿ. ನಿಮ್ಮ ಕೈ ಚಡಪಡಿಸುತ್ತಿದೆಯೇ? ಮೊದಲು ಸೋಪು ಹಚ್ಚಿ ತೊಳೆಯಿರಿ. ಆಮೇಲೆ, ಏನು ಮಾಡಲಿ ಎಂದು ಅವರನ್ನೇ ಕೇಳಿ.