ಟೋಪಿ ಹಿಡಿದವನ ತಾಳ

ಸೇತುವೆ ಬಂದದ್ದು ಕಮಲಳಿಗೆ ಗೊತ್ತಾದದ್ದು ಗಾಳಿಯಿಂದ, ಬಸ್ಸಿನ ಕಿಟಕಿಯೊಳಗೆ ನುಗ್ಗಿದ ಉಪ್ಪಿನ ಗಾಳಿ — ಹೆದ್ದಾರಿಗೆ ಗೋಡೆ ಎದ್ದ ಮೇಲೆ ಬಂದ್ಯೋಡಿನಿಂದ ಮೊಗ್ರಾಲಿಗೆ ಹೋಗುವಾಗ ಒಂದು ಬದಿಗೆ ಬರೀ ಸಿಮೆಂಟು, ಶಿರಿಯ ಹೊಳೆಯ ಮೇಲೆ ಮಾತ್ರ ಸ್ವಲ್ಪ ಆಕಾಶ, ನೀರು, ಒಂದು ದೋಣಿ, ಮತ್ತೆ ಸಿಮೆಂಟು. ಮಡಿಲಿನ ಚೀಲದಲ್ಲಿ ಜಾಗಟೆ, ಬಸ್ಸು ಕುಲುಕಿದಾಗಲೆಲ್ಲ ಕೋಲಿಗೆ ತಾಗಿ ಟಿಣ್ ಅನ್ನುತ್ತದೆ, ಟವೆಲಿನಲ್ಲಿ ಸುತ್ತಿದರೂ ಅನ್ನುತ್ತದೆ, ಪಕ್ಕದ ಹೆಂಗಸು ತಿರುಗಿ ನೋಡಿದಳು, ಎಂತ ಅಕ್ಕಾ ಪಾತ್ರೆಯಾ, ಅಲ್ಲ ಜಾಗಟೆ, ಓ ದೇವಸ್ಥಾನದ್ದಾ, ಅಲ್ಲ ತಾಳಮದ್ದಲೆಯದ್ದು, ಹಾಗಾದ್ರೆ ನೀವು ಪದ ಹೇಳುವವರಾ, ಭಾಗವತರಾ — ಹೌದು ಅಂದುಬಿಟ್ಟಳು ಕಮಲ. ಹೌದು ಅಂದದ್ದು ಯಾಕೆ. ಇವತ್ತು ಮಧ್ಯಾಹ್ನ ಮೊಗ್ರಾಲಿನ ಭಜನಾ ಮಂದಿರದಲ್ಲಿ ಪದ ಹೇಳುವುದು ಹೊಸ ಹುಡುಗಿ ಪೂಜಾಶ್ರೀ, ಜಾಗಟೆಯೂ ಪೂಜಾಶ್ರೀಯ ಕೈಗೆ, ಕಮಲಳಿಗೆ ದ್ವಾರಪಾಲಕನ ಪಾತ್ರ. ವೇಷವಿಲ್ಲದೆ ಕೂತೇ ಕಥೆ ನಡೆಸುವ ಮಹಿಳಾ ಸಂಘದ ಕೂಟ ಶುರುವಾದಂದಿನಿಂದ ಪದದ ಜಾಗದಲ್ಲಿ ಕೂತವಳು ಈಗ ಸಾಲಿನ ಕೊನೆಯಲ್ಲಿ ಕೂತು ಒಂದು ಮಾತು ಹೇಳಬೇಕು, ಪ್ರಭೂ, ಸಂಧಾನಕ್ಕೆ ಬಂದವರು ಬಾಗಿಲಲ್ಲಿದ್ದಾರೆ, ಅಷ್ಟೆ, ಮತ್ತೆ ಕಥೆ ಮುಗಿಯುವ ತನಕ ಸುಮ್ಮನೆ. ಕುಂಬಳೆಯಲ್ಲಿ ಇಳಿದರೆ ವಾಪಸು ಬಸ್ಸು ಉಂಟು. ತಲೆನೋವು ಅಂತ ಸಂಘದ ಅಪ್ಪಿಯಕ್ಕನಿಗೆ ಒಂದು ಫೋನು. ದ್ವಾರಪಾಲಕನಿಲ್ಲದಿದ್ದರೆ ಕಥೆ ನಿಲ್ಲುವುದಿಲ್ಲ, ಜಾಗಟೆಯಿಲ್ಲದಿದ್ದರೆ ನಿಲ್ಲುತ್ತದೆ, ಸಂಘದ ಜಾಗಟೆ ಬಿರುಕು ಬಿಟ್ಟಿದೆ, ಇದು ಅಪ್ಪ ಕೊಟ್ಟದ್ದು, ಇದೊಂದೇ ಇರುವುದು — ಇದನ್ನು ಮನೆಯಿಂದ ಹೊರಡುವಾಗಲೇ ಯೋಚಿಸಿದ್ದಳಾ, ಯೋಚಿಸಿದ್ದಳು, ಇಲ್ಲ ಅಂದರೆ ಸುಳ್ಳಾಗುತ್ತದೆ.

ಅಪ್ಪ ದೇವರ ದೀಪ ಹಚ್ಚಿ ಪದ್ಯ ಓದುವಾಗ ಅವಳು ಗೋಡೆಗೊರಗಿ ಕೇಳುತ್ತಿದ್ದಳು, ಅರ್ಥವಾಗುವ ಪ್ರಾಯ ಅಲ್ಲ, ಆದರೆ ಪದ್ಯ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗುತ್ತಿತ್ತು, ಅಲ್ಲಿ ಅಪ್ಪ ನಿಲ್ಲುತ್ತಾರೆ, ಅಮ್ಮನ ಕೈಯ ಹೂವಿನ ನೂಲು ನಿಲ್ಲುತ್ತದೆ, ಇಡೀ ಮನೆ ಒಂದು ಉಸಿರು ಬಿಡುತ್ತದೆ. ಇತ್ತೀಚೆಗೆ ಅವಳ ಕುತ್ತಿಗೆಯ ಗಂಟು ತೆಗೆದ ಡಾಕ್ಟ್ರು ಇನ್ನು ಮಾತಿಗೇನೂ ತೊಂದರೆ ಇಲ್ಲಮ್ಮ ಅಂದರು, ಮಾತಿಗೆ ಇಲ್ಲ, ಸರಿಯೇ, ಪದ ಏರಬೇಕಾದಲ್ಲಿ ಮಾತ್ರ ಬರೀ ಗಾಳಿ ಏರುತ್ತದೆ. ಹೋದ ಭಾನುವಾರದ ಅಭ್ಯಾಸದಲ್ಲಿ ಪೂಜಾಶ್ರೀ ಪದ ಮುಗಿಸಿದಳು, ಲತೀಶನ ಮದ್ದಲೆ ನಿಂತಿತು, ಎಲ್ಲರೂ ಕಾದರು, ಕಮಲಳೂ ಕಾದಳು, ಪದ ಮುಗಿದ ಮೇಲೆ ಪಾತ್ರದ ಅರ್ಥ ಹೇಳುವವರ ಮುಖ ನೋಡುವುದೇ ಅಷ್ಟು ವರ್ಷದ ಅಭ್ಯಾಸ, ಯಾರಪ್ಪ ಈ ದ್ವಾರಪಾಲಕ, ಇಷ್ಟು ತಡವಾ ಅಂತ ಸಿಟ್ಟೂ ಬಂತು, ಸಾಲಿನ ಉದ್ದಕ್ಕೂ ಹುಡುಕಿದಳು — ಎಂತ ಕಮಲಕ್ಕ, ರಾಜನ ಪಾತ್ರದ ಅಪ್ಪಿಯಕ್ಕ ತೊಡೆಗೆ ಬಡಿದು ಕೇಳಿದ್ದು, ದ್ವಾರಪಾಲಕನಿಗೆ ನಿದ್ದೆಯಾ, ಬಂದವರು ಕಾಲು ನೋವಾಗಿ ವಾಪಸು ಹೋದ್ರು ಮಾರಾಯ್ತಿ! ಎಲ್ಲರೂ ನಕ್ಕರು, ಕಮಲಳೂ ನಕ್ಕಳು.

ಸೊಸೆ ತೃಷಾ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು, ಅವಳಿಗೆ ಹಳೆಯ ಇಂಗ್ಲಿಷ್ ಹಾಡಿನ ಸಿನೆಮಾಗಳ ಹುಚ್ಚು, ಆ ರಾತ್ರಿ ಕರೆದಳು, ಅತ್ತೆ ಬನ್ನಿ, ಇವರನ್ನೊಮ್ಮೆ ನೋಡಿ, ಲ್ಯಾಪ್‌ಟಾಪ್‌ನಲ್ಲಿ ಕಪ್ಪುಬಿಳುಪಿನ ಬಂಗಲೆ, ಬಾಗಿಲು ತೆರೆಯುವ ಉದ್ದ ಮುಖದ ಮುದುಕ, ಲಂಡನ್ನಿನವನಂತೆ, ಹೆಸರು ಕಮಲಳ ನಾಲಿಗೆಗೆ ಹಿಡಿಯಲಿಲ್ಲ, ಟೋಪಿಯವ ಅಂತಲೇ ಇಟ್ಟುಕೊಂಡಳು. ಪ್ರಾಯದಲ್ಲಿ ನಾಟಕ ಕಂಪೆನಿಯ ಹಾಡುಗಾರನಂತೆ, ಯಾವುದೋ ಜ್ವರದಲ್ಲಿ ಸ್ವರ ಹೋಯಿತಂತೆ, ಮತ್ತೆ ಸಿನೆಮಾಕ್ಕೆ ಬಂದ, ಬಂದದ್ದು ಹಾಡಿನ ಸಿನೆಮಾಕ್ಕೇ, ಒಂದರಲ್ಲಿ ಸ್ಟೇಷನ್ ಮಾಸ್ತರ, ಒಂದರಲ್ಲಿ ಪಾದ್ರಿ, ಒಂದರಲ್ಲಿ ಮದುಮಗಳ ಅಜ್ಜ, ಹೆಚ್ಚಿನದರಲ್ಲಿ ಬಾಗಿಲು ಕಾಯುವವ, ಹಾಡುವವರು ಬೇರೆ, ಇವನದ್ದು ಹಾಡಿನ ನಡುವೆ ಒಂದು ಮಾತು. ಪಾಪ ಅಂದಳು ಕಮಲ. ಪಾಪ ಎಂತಕ್ಕೆ ಅತ್ತೆ, ಹಾಡಿದವರ ಹೆಸರು ಈಗ ಯಾರಿಗೂ ಗೊತ್ತಿಲ್ಲ, ಇವರ ಕೈ ನೋಡಿ, ತೃಷಾ ಹಿಂದಕ್ಕೆ ತಂದು ಇನ್ನೊಮ್ಮೆ ತೋರಿಸಿದಳು — ನಾಯಕ ಒಳಗೆ ಬರುತ್ತಾನೆ, ಟೋಪಿ ತೆಗೆದು ಮುದುಕನ ಕೈಗೆ ಕೊಡುತ್ತಾನೆ, ಹಾಡುತ್ತಾ ಮೆಟ್ಟಿಲು ಹತ್ತುತ್ತಾನೆ, ಮನೆಯವರೆಲ್ಲ ಹಾಡುತ್ತಾರೆ, ಮುದುಕ ಬಾಗಿಲ ಬಳಿ ಬೇರೆಯವನ ಟೋಪಿ ಹಿಡಿದು ನಿಂತಿದ್ದಾನೆ, ಮುಖದಲ್ಲಿ ಏನೂ ಇಲ್ಲ, ಟೋಪಿಯ ಅಂಚಿನ ಮೇಲೆ ನಾಲ್ಕು ಬೆರಳು ತಾಳ ಹಾಕುತ್ತಿವೆ. ತಪ್ಪದ ತಾಳ. ಹಾಡು ಮುಗಿಯುತ್ತದೆ, ಬೆರಳು ನಿಲ್ಲುತ್ತವೆ, ಎಲ್ಲರೂ ಅವನ ಕಡೆಗೆ ತಿರುಗುತ್ತಾರೆ, ಅವನು ಅವಸರ ಮಾಡುವುದಿಲ್ಲ.

ಕುಂಬ್ಳ, ಕುಂಬ್ಳ, ಕಂಡಕ್ಟರ್ ಬಾಗಿಲು ಬಡಿದ, ಕಮಲ ಚೀಲ ಎತ್ತಿಕೊಂಡಳು, ಜಾಗಟೆ ಟಿಣ್ ಅಂತು, ಇಳಿಯುವುದುಂಟಾ ಅಕ್ಕಾ, ಪಕ್ಕದವಳು ಕಾಲು ಮಡಚಿ ದಾರಿ ಕೊಟ್ಟಳು. ಉಂಟಾ. ಇಲ್ಲ, ಮೊಗ್ರಾಲಿನಲ್ಲಿ, ಇನ್ನೊಂದು ವಿಷಯ — ಪದ ಹೇಳುವವಳು ನಾನಲ್ಲ, ಈಗ ಬೇರೆ ಹುಡುಗಿ, ನನ್ನದು ಬಾಗಿಲು ಕಾಯುವ ಕೆಲಸ. ಆ ಹೆಂಗಸು ಮಡಚಿದ ಕಾಲು ಬಿಟ್ಟಳು, ಅದೂ ಬೇಕಲ್ಲ ಅಕ್ಕಾ, ಬಾಗಿಲಿಗೆ ಒಬ್ಬರು ಬೇಕಲ್ಲ, ಅಂದಳು.

ಮಂದಿರದಲ್ಲಿ ಫ್ಯಾನಿನ ಸದ್ದು, ಊದುಬತ್ತಿ, ಅಪ್ಪಿಯಕ್ಕನ ಕೂಗು, ಬಂದನಾ ದ್ವಾರಪಾಲಕ, ಇವತ್ತು ನಿದ್ದೆ ಮಾಡಿದ್ರೆ ಸಂಬಳ ಇಲ್ಲ, ಸಂಬಳ ಕೊಟ್ಟ ರಾಜನ ಮುಖ ನೋಡು, ಅನ್ನುತ್ತಾ ಕಮಲ ಟವೆಲು ಬಿಡಿಸುತ್ತಾಳೆ, ಪೂಜಾಶ್ರೀ ಎರಡೂ ಕೈ ಒಡ್ಡುತ್ತಾಳೆ, ಕಮಲಕ್ಕ ಇದು ನಿಮ್ಮ ಅಪ್ಪನದ್ದಲ್ವಾ, ಹೌದು, ಮೆಲ್ಲ ಹೊಡಿ, ಅಂಚಿನಿಂದ ಸ್ವಲ್ಪ ಒಳಗೆ, ಅಲ್ಲಿ ಅದರ ಸ್ವರ ಉಂಟು. ಕೈ ಖಾಲಿಯಾಯಿತು, ಇಷ್ಟು ಹಗುರವಾಗುತ್ತದೆಂದು ಅಂದುಕೊಂಡಿರಲಿಲ್ಲ, ಸಾಲಿನ ಕೊನೆಯಲ್ಲಿ ಕೂತಳು, ಟವೆಲು ಮಡಚಿ ಮಡಿಲಲ್ಲಿಟ್ಟಳು. ಪದ ಏರುತ್ತದೆ, ಹುಡುಗಿ ಚೆನ್ನಾಗಿ ಏರಿಸುತ್ತಾಳೆ, ತನಗಿಂತ ಚೆನ್ನಾಗಿಯಾ, ಆ ಒಂದು ಕಡೆ ಹೌದು, ಟವೆಲಿನ ಮೇಲೆ ನಾಲ್ಕು ಬೆರಳು ತಮ್ಮಷ್ಟಕ್ಕೆ ಆಡುತ್ತಿವೆ, ಯಾರೂ ನೋಡುವುದಿಲ್ಲ, ಪದ ಇಳಿಯುತ್ತದೆ, ಕೊನೆಯ ಪೆಟ್ಟು, ಮದ್ದಲೆ ನಿಂತಿತು. ಎಲ್ಲರೂ ಕಾಯುತ್ತಿದ್ದಾರೆ. ಯಾರಿಗಾಗಿ ಅಂತ ಈ ಸಲ ಗೊತ್ತು. ಅಪ್ಪಿಯಕ್ಕನ ಹುಬ್ಬು ಏರಿತು, ಏರಲಿ, ಅಪ್ಪ ನಿಲ್ಲುತ್ತಿದ್ದಷ್ಟು, ಅಮ್ಮನ ನೂಲು ನಿಲ್ಲುತ್ತಿದ್ದಷ್ಟು, ಇಡೀ ಮಂದಿರ ಒಂದು ಉಸಿರು ಬಿಡುವಷ್ಟು, ಬಿಟ್ಟಿತು, ಪ್ರಭೂ ಅಂದಳು — ಕಣ್ಣ ಮುಂದೆ ಆ ಮುದುಕನ ಕೈಯ ಕಪ್ಪು ಟೋಪಿ, ಅದರ ಅಂಚಿನ ಮೇಲೆ ನಿಂತ ನಾಲ್ಕು ಬೆರಳು.