ಹೆಪ್ಪು ಹಾಕಿದ ಮೇಲೆ ಕಲಕಬೇಡಿ

ದೀಪ ಹಚ್ಚಿದರೆಂದರೆ ಪ್ರಭಾವತಿಯ ಮನೆಯಲ್ಲಿ ಕನ್ನಡಕ್ಕೆ ಬಾಗಿಲು ಹಾಕಿದಂತೆ. ಊಟಕ್ಕೆ ಕೂರುವವರೆಗೆ ಬರೀ ಇಂಗ್ಲಿಷ್. ಈ ಕಾಯಿದೆ ಮಾಡಿದವಳು ಪ್ರಭಾವತಿಯೇ. ಮಗಳು ವಿನೀತಾ ಇಂಗ್ಲಿಷ್ ಮಾಧ್ಯಮದಲ್ಲಿ ಎರಡನೇ ಇಯತ್ತೆ. ಬ್ಯಾಂಕಿನಲ್ಲೋ ದವಾಖಾನೆಯಲ್ಲೋ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಪ್ರಭಾವತಿಗೆ ನಾಲಿಗೆ ಒಣಗುತ್ತಿತ್ತು. ಮಗಳಿಗೆ ಹಾಗಾಗಬಾರದು ಎಂಬುದೊಂದೇ ಅವಳ ಆಸೆ.

ಕಾಯಿದೆಯ ಮೊದಲ ಪೆಟ್ಟು ಬಿದ್ದದ್ದು ಅತ್ತೆ ಗುಡ್ಡವ್ವನಿಗೆ. ಆಕೆಗೆ ಬರುವ ಇಂಗ್ಲಿಷೆಂದರೆ ಬಸ್ಸು, ಗ್ಯಾಸು, ಲೈಟು. ಹೀಗಾಗಿ ದೀಪ ಹಚ್ಚಿದ ಕೂಡಲೇ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂರಬೇಕಿತ್ತು.

"ನನ್ನ ಮೊಮ್ಮಗಳ ಜೋಡಿ ಮಾತಾಡಾಕ ನಾ ಪಾಸ್ ತಗಸಬೇಕೇನವಾ?"

"ಆಕಿ ಕಲೀಲಿ ಅಂತ ರೀ ಅತ್ತಿ."

"ಕಲೀಲಿ, ಯಾರ ಬ್ಯಾಡಂದ್ರು? ಮೊದಲ ಮನಿ ತುಂಬ ಗುಬ್ಬಿ ಹಂಗ ಚಿಂವ್ ಚಿಂವ್ ಅಂತಿತ್ತು ಕೂಸು. ಈಗ ದೀಪ ಹಚ್ಚಿದ್ರ ಬಾಯಿಗೆ ಕೀಲಿ."

ಅತ್ತೆಯ ಮಾತು ಸುಳ್ಳಲ್ಲ. ಮೊದಮೊದಲು ವಿನೀತಾ ಹುರುಪಿನಿಂದಲೇ ಮಾತಾಡುತ್ತಿದ್ದಳು. "ಟುಡೇ ಐ ಗೋಡ್..." ಎನ್ನುವಷ್ಟರಲ್ಲಿ ಪ್ರಭಾವತಿ, "ರಾಂಗ್! ವೆಂಟ್! ಮೊದಲಿಂದ ಹೇಳು," ಎನ್ನುತ್ತಿದ್ದಳು. ಮೊದಲಿನಿಂದ ಹೇಳಿದರೆ ಇನ್ನೊಂದು ತಪ್ಪು, ಇನ್ನೊಂದು ತಡೆ. ಕೂಸು ಆವತ್ತು ಎಲ್ಲಿಗೆ ಹೋಗಿತ್ತು, ಅಲ್ಲಿ ಏನಾಯಿತು ಎಂಬುದು ತಾಯಿಗೆ ಕೊನೆಗೂ ತಿಳಿಯಲಿಲ್ಲ. ಬರುಬರುತ್ತ "ಯೆಸ್ ಮಮ್ಮಿ", "ನೋ ಮಮ್ಮಿ" ಎರಡೇ ಉಳಿದವು. ತಪ್ಪು ಕಡಿಮೆಯಾಯಿತಲ್ಲ ಎಂದು ಪ್ರಭಾವತಿ ಸಮಾಧಾನಪಟ್ಟಳು. ಮಾತೇ ಕಡಿಮೆಯಾದದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಒಂದು ಸಂಜೆ ಒಲೆಯ ಮೇಲೆ ಹಾಲಿಟ್ಟು, ಪಡಸಾಲೆಯಲ್ಲಿ ಒಣಗಿದ ಅರಿವೆ ಮಡಚುತ್ತ ಕುಳಿತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಓದುತ್ತಿದ್ದ ವಿನೀತಾ ಧಡಕ್ಕನೆ ಎದ್ದು ಬಂದಳು.

"ಮಮ್ಮಿ..."

"ಯೆಸ್?"

ವಿನೀತಾ ಒಮ್ಮೆ ಒಲೆಯ ಕಡೆ ನೋಡಿದಳು, ಒಮ್ಮೆ ತಾಯಿಯ ಮುಖ ನೋಡಿದಳು. "ದ ಮಿಲ್ಕ್ ಈಸ್... ಈಸ್..."

"ಫುಲ್ ಸೆಂಟೆನ್ಸ್," ಎಂದಳು ಪ್ರಭಾವತಿ, ತಲೆ ಎತ್ತದೆ.

ಚುರ್ರೆಂದು ಸಪ್ಪಳವಾಯಿತು. ಹಾಲು ಉಕ್ಕಿ, ಉರಿ ಆರಿ, ಗ್ಯಾಸು ಹಾಗೇ ಸೋರತೊಡಗಿತು. ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ರಭಾವತಿ ಓಡಿಹೋಗಿ ಗ್ಯಾಸು ಬಂದ್ ಮಾಡಿ ಕಿಟಕಿ ತೆರೆದಳು. ಕಟ್ಟೆಯ ಮೇಲಿದ್ದ ಗುಡ್ಡವ್ವ ಒಳಗೆ ಬಂದಳು. ಅವಳ ಹಿಂದೆಯೇ ಪಕ್ಕದ ಮನೆಯ ಆರ್ಜೂ ಬಂದಳು. ಅವಳು ಸಣ್ಣ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಟೀಚರು. ಹೆಪ್ಪು ಕೇಳಿ ಒಯ್ಯಲೆಂದು ಖಾಲಿ ವಾಟಗ ಹಿಡಿದುಕೊಂಡು ಬಂದಿದ್ದಳು.

"ಕಣ್ಣ ಮುಂದ ಹಾಲು ಉಕ್ಕಾಕತ್ತಿತ್ತು, ಯಾಕ ಹೇಳಲಿಲ್ಲ ವಿನೀ?" ಎಂದು ಕೇಳಿದಳು ಪ್ರಭಾವತಿ.

"ಉಕ್ಕೂದಕ್ಕ ಇಂಗ್ಲಿಷಿನ್ಯಾಗ ಏನಂತಾರ ಗೊತ್ತಾಗಲಿಲ್ಲ. ಕನ್ನಡ ಮಾತಾಡಿದ್ರ ನೀ ಬೈತಿ," ಎಂದು ಹುಡುಗಿ ಬಿಕ್ಕಿದಳು.

ಪ್ರಭಾವತಿ ಮಗಳನ್ನು ಎತ್ತಿ ಎದೆಗೊತ್ತಿಕೊಂಡಳು.

ಆರ್ಜೂ ವಾಟಗ ಕೆಳಗಿಟ್ಟು ನೆಲ ಒರೆಸಲು ಕೈಹಚ್ಚಿದಳು. "ಹಾಲ ಹೋದ್ರ ಹೋಗ್ಲಿ ಅಕ್ಕಾ. ನಾಳೆ ಹೊಟ್ಟಿ ನೋಯ್ತು, ಯಾರರ ಹೆದರಿಸಿದ್ರು ಅಂದ್ರ? ಆವಾಗೂ ಆಕಿ ಇಂಗ್ಲಿಷ್ ಹುಡುಕ್ಕೋತ ನಿಂದ್ರಬೇಕೇನ್ರಿ?"

"ಹಂಗಂತ ತಪ್ಪು ತಿದ್ದಬಾರದೇನ ಆರ್ಜೂ? ಬಿಟ್ರ ಅದ ರೂಢಿ ಆಗ್ತೈತೆಲ್ಲಾ."

"ತಿದ್ರಿ, ಆದ್ರ ನಡುವ ಬಾಯಿ ಹಾಕಬ್ಯಾಡ್ರಿ. ಆಕಿ ಪೂರಾ ಹೇಳಲಿ. ಆಮ್ಯಾಲ ನಿಮ್ಮ ಮಾತಿನ್ಯಾಗ ಸರಿ ಶಬ್ದ ಸೇರಿಸಿ ತಿರುಗಿ ಕೇಳ್ರಿ. ಎಲ್ಲಾ ಮಕ್ಕಳು ಅನ್ನೂ ಹಂಗ 'ಐ ಗೋಡ್' ಅಂದ್ಳೇನು? 'ಓ, ಯು ವೆಂಟ್! ಹೂ ಕೇಮ್ ವಿತ್ ಯು?' ಅನ್ರಿ. ಮಾತೂ ನಿಲ್ಲೂದಿಲ್ಲ, ಸರಿ ಶಬ್ದಾನೂ ಕಿವಿಗೆ ಬೀಳ್ತೈತಿ. 'ಪ್ಲೇಡ್', 'ವಾಕ್ಡ್' ಕಲ್ತ ಕೂಸು 'ಗೋ'ಕ್ಕೂ 'ಡ್' ಹಚ್ಚಿ 'ಗೋಡ್' ಅಂತಂದ್ರ ಅದು ದಡ್ಡತನ ಅಲ್ಲರೀ. ನಿಯಮ ಹಿಡದೈತಿ, ಆದ್ರ ಈ ಶಬ್ದ ನಿಯಮಕ್ಕ ಸಿಗೂದಿಲ್ಲಂತ ಅದಕ್ಕಿನ್ನೂ ಗೊತ್ತಿಲ್ಲ."

"ಮೊನ್ನೆ 'ಸೇ ಮಿ ಎ ಸ್ಟೋರಿ' ಅಂದ್ಳು. ಎಷ್ಟ ಸಲ ಹೇಳಿಕೊಟ್ರೂ ಅದ."

"ನಮಗ 'ಹೇಳು' ಒಂದ ಐತಿ. ಅವರಿಗೆ 'ಸೇ' ಬ್ಯಾರೆ, 'ಟೆಲ್' ಬ್ಯಾರೆ. ಅದಲುಬದಲ ಆಗೂದ ರೀ. 'ಟೆಲ್ ಯು ಎ ಸ್ಟೋರಿ? ಓಕೆ!' ಅಂದು ಖರೇನ ಒಂದು ಕಥಿ ಹೇಳಿಬಿಡ್ರಿ. ಕಥಿ ಸಿಕ್ಕ ಶಬ್ದ ನೆನಪಿರ್ತೈತಿ."

"ನನಗ ಸರಿ ಯಾವುದು ಗೊತ್ತಿರಲಿಲ್ಲಂದ್ರ?"

"'ನನಗೂ ಗೊತ್ತಿಲ್ಲ, ನಾಳೆ ಟೀಚರ್‌ಗೆ ಕೇಳಿ ನನಗೂ ಹೇಳು' ಅನ್ರಿ. ಅವ್ವಗ ಕಲಸೂದಂದ್ರ ಮಕ್ಕಳಿಗೆ ಭಾಳ ಖುಷಿ. ಮತ್ತ, ಆಕಿ ತಡವರಿಸಿದ್ರ ಕನ್ನಡದಾಗ ಹೇಳಲಿ. ಕನ್ನಡದಾಗ ತಿಳದಿದ್ದಕ್ಕ ಇಂಗ್ಲಿಷ್ ಹೆಸರು ಲಗೂ ಹತ್ತತೈತಿ."

ಗುಡ್ಡವ್ವ ಮೊಸರಿನ ಗಡಿಗೆ ತಂದಳು. "ಕೊಡು ಇಲ್ಲೆ ವಾಟಗ."

"ಅತ್ತೀ! ದೀಪ ಹಚ್ಚಿದ ಮ್ಯಾಲ ಹೆಪ್ಪು ಹೊರಗ ಕೊಡಬಾರದಂತ ನೀವ ಅಂತೀರಿ!"

"ನಿನ್ನ ಕಾಯ್ದೆ ಮುರೀತು, ನಂದೂ ಒಂದು ಮುರೀಲಿ." ಗುಡ್ಡವ್ವ ವಾಟಗಕ್ಕೆ ಹೆಪ್ಪು ಹಾಕುತ್ತ ಸೊಸೆಯ ಕಡೆ ನೋಡಿದಳು. "ಹೆಪ್ಪು ಹಾಕಿದ ಹಾಲನ್ನ ಗಳಿಗಿಗೊಮ್ಮೆ ಮುಚ್ಚಳಾ ತಗದು ಕಲಕಿದ್ರ ಮೊಸರಾಗ್ತೈತೇನ ಪ್ರಭಾ?"

ಪ್ರಭಾವತಿ ನಕ್ಕಳು. ಮಗಳ ಕೆನ್ನೆ ಒರೆಸಿ, "ಇಲ್ಲರೀ ಅತ್ತಿ," ಎಂದಳು.

ಕೆಲಸ ಮುಗಿಸಿ ಬಂದ ಗಂಡ ಶಶಿಕುಮಾರ ಹೊಸ್ತಿಲಲ್ಲೇ ನಿಂತ. "ಏನಿದು, ಇಷ್ಟೊತ್ತಿನ್ಯಾಗ ನಮ್ಮ ಮನ್ಯಾಗ ಕನ್ನಡ ಕೇಳಾಕತ್ತೈತಿ?"

"ಬಾಗಲಾ ತಗದೇವಪ್ಪಾ, ಒಳಗ ಬಾ," ಎಂದಳು ಗುಡ್ಡವ್ವ.

ಈಗ ದೀಪ ಹಚ್ಚಿದರೆ ಗುಡ್ಡವ್ವ ಒಳಗೇ ಇರುತ್ತಾಳೆ. ವಿನೀತಾ ಸಾಲೆಯ ಸುದ್ದಿಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾಳೆ, ಅದನ್ನೇ ತಾಯಿಗೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ.

"ಅಜ್ಜಿ ಸೇಡ್ ಮಿ ಸ್ಟೋರಿ!" ಎಂದಳು ಮೊನ್ನೆ ಒಂದು ಸಂಜೆ, ಚಪಾತಿ ಲಟ್ಟಿಸುತ್ತಿದ್ದ ತಾಯಿಗೆ.

"ಶಿ ಟೋಲ್ಡ್ ಯು ಎ ಸ್ಟೋರಿ? ವಿಚ್ ಒನ್?"

"ಶಿ ಟೋಲ್ಡ್ ಮಿ ಫಾಕ್ಸ್ ಸ್ಟೋರಿ. ಫಾಕ್ಸ್ ಈಟೆಡ್..."

ಪ್ರಭಾವತಿಯ ನಾಲಿಗೆ ತುದಿಯವರೆಗೆ 'ಏಟ್' ಬಂದಿತ್ತು. ತಡೆದುಕೊಂಡಳು. ಮೊದಲು ನರಿ ತಿನ್ನಲಿ, ಆಮೇಲೆ ನೋಡೋಣ ಎಂದು ಲಟ್ಟಣಿಗೆ ಬದಿಗಿಟ್ಟು ಕೇಳುತ್ತ ಕುಳಿತಳು.

ಅಷ್ಟರಲ್ಲಿ ವಿನೀತಾ ಒಲೆಯ ಕಡೆ ಕೈಮಾಡಿ ಮನೆಯ ಮಾಳಿಗೆ ಹಾರಿಹೋಗುವಂತೆ ಕೂಗಿದಳು: "ಮಮ್ಮೀ! ಹಾಲು ಉಕ್ಕಾಕತ್ತೈತಿ!"

ಪ್ರಭಾವತಿ ಓಡಿ ಗ್ಯಾಸು ಆರಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ.

"ಬಾಯ್ಲಿಂಗ್ ಓವರ್," ಎಂದು ವಿನೀತಾ ಆಮೇಲೆ ಸಾವಕಾಶವಾಗಿ ಸೇರಿಸಿದಳು. "ಆರ್ಜೂ ಆಂಟಿ ಹೇಳಿಕೊಟ್ಟಾರ. ನಿನಗ ಗೊತ್ತಿತ್ತೇನ ಮಮ್ಮಿ?"

"ಇಲ್ಲವಾ," ಎಂದಳು ಪ್ರಭಾವತಿ, "ನೀನ ಕಲಸಿದಿ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇಂಗ್ಲಿಷ್ ಕಲಿಯುವ ಪುಟ್ಟ ಬಾಯಿ ನಿಮ್ಮ ಮನೆಯಲ್ಲೂ ಇದ್ದೀತು. ಇವತ್ತು ಸಂಜೆ ಅದು ಏನೋ ಹೇಳಲು ಬಂದರೆ ಕೈಯಲ್ಲಿನ ಕೆಲಸ ಒಂದು ಗಳಿಗೆ ನಿಲ್ಲಲಿ. ಮಾತು ಮುಗಿಯುವತನಕ ಕೇಳಿ. ತಪ್ಪಿದ್ದರೆ ಸರಿಯಾದದ್ದನ್ನು ನಿಮ್ಮ ಉತ್ತರದಲ್ಲಿ ಮೆಲ್ಲಗೆ ಸೇರಿಸಿ. ಶಬ್ದ ಸಿಗದಿದ್ದರೆ ಮನೆಮಾತಿನಲ್ಲೇ ಹೇಳಲು ಬಿಡಿ. ವ್ಯಾಕರಣ ಇವತ್ತಲ್ಲ ನಾಳೆ ಬರುತ್ತದೆ. ಆದರೆ ನಿಮ್ಮ ಕೂಸು ತನಗನಿಸಿದ್ದನ್ನು ನಿಮಗೆ ಹೇಳುವುದನ್ನು ಮಾತ್ರ ನಿಲ್ಲಿಸದಂತೆ ನೋಡಿಕೊಳ್ಳಿ.